ತಪ್ಪಿನ ಕಾಲಂ

ನನ್ನ ಕೆಲಸ ಸುಲಭದ್ದು: ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು
ಒಂದು ಮಗು ಆಡಿದ್ದನ್ನೆಲ್ಲ ಬರೆಯುವುದು.
ಕೆಮ್ಮಿದರೆ ಕೆಮ್ಮು, ಸುಮ್ಮನಿದ್ದರೆ ಸುಮ್ಮನಿದ್ದ ಸೆಕೆಂಡುಗಳು.
ಎಡಕ್ಕೆ ಮಗುವಿನ ಮಾತು, ನಡುವೆ ದೊಡ್ಡವರದು,
ಬಲತುದಿಗೆ ಕೆಂಪು ಗೆರೆಯ ಆಚೆ ಒಂದು ಕಾಲಂ: ತಪ್ಪು.

ಹೆಸರು ನೆರ್ಗಿಸ್. ಎರಡು ವರ್ಷ ನಾಲ್ಕು ತಿಂಗಳು.
ಊರು ಸುರ್ಮೆನೆಯಿಂದಾಚೆ, ಕಪ್ಪು ಸಮುದ್ರದ ದಡ.
ಟೇಪಿನ ಹಿಂದೆಲ್ಲ ಅಲೆ, ಅಲೆಯ ಮುಂದೆ ಮುನೆವ್ವೆರ್ ಅಜ್ಜಿ
ಹೇಝಲ್ ಕಾಯಿ ಒಡೆಯುವ ಟಕ್, ಟಕ್.

ನಮ್ಮ ತುರ್ಕಿಯಲ್ಲಿ ಆಗಿಹೋದದ್ದಕ್ಕೆ ಎರಡು ಬಾಲ.
ಕಣ್ಣಾರೆ ಕಂಡಿದ್ದರೆ, ಬಂದ.
ಯಾರೋ ಹೇಳಿದ್ದರೆ, ಇಲ್ಲವೇ ಒದ್ದೆ ಅಂಗಳ ನೋಡಿ
ರಾತ್ರಿಯ ಮಳೆಯನ್ನು ಊಹಿಸಿದ್ದರೆ, ಬಂತಂತೆ.
ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ.
ಹಾಲು ಉಕ್ಕಿದ ಸುದ್ದಿಗೂ
ನಾವು ಕಟಕಟೆ ಹತ್ತಿಯೇ ಬಾಯಿ ತೆರೆಯಬೇಕು.

ಮಕ್ಕಳು ಮೊದಲು ಹಿಡಿಯುವುದು ಕಂಡ ಬಾಲ.
ಬಿತ್ತು. ಒಡೀತು. ಬೆಕ್ಕು ಹೋಯ್ತು.
ಅಂತೆ ಬರುವುದು ನಿಧಾನ, ಕತೆಗಳ ಬೆನ್ನು ಹತ್ತಿ.
ನೆರ್ಗಿಸ್‌ಗೆ ಮಾತ್ರ ತಿರುಗಾಮುರುಗಾ.
ಲೋಟ ತನ್ನ ಕೈಯಿಂದಲೇ ಜಾರಿ ಚೂರಾದರೂ
"ಬಿತ್ತಂತೆ" ಅನ್ನುತ್ತಾಳೆ, ಪಕ್ಕದೂರಿನ ಸುದ್ದಿಯ ಹಾಗೆ.
ಮೊಣಕಾಲು ತರಚಿ, ಅಳುತ್ತಲೇ, "ನೋವಾಯ್ತಂತೆ."
ಕೆಂಪು ಗೆರೆಯ ಆಚೆ ಗೀಟು ಹಾಕಿದೆ.
ಹದಿನೇಳು. ಹದಿನೆಂಟು.
ಮೇಲಿನವರು ನೋಡಿ ಹೇಳಿದರು: ಕಿವಿ ಪರೀಕ್ಷೆ ಮಾಡಿಸಬೇಕು.

ಕಿವಿ ಚೆನ್ನಾಗಿತ್ತು. ಬೇಕಾದ್ದಕ್ಕಿಂತ ಚೆನ್ನಾಗಿತ್ತು.
ಮೊದಲ ಟೇಪಿಗೆ ಮರಳಿ, ಮಗುವನ್ನು ಬಿಟ್ಟು
ನಡುವಿನ ಕಾಲಂ ಒಂದನ್ನೇ ಓದಿದೆ.

ದುರ್ಸುನ್ ಹಮ್ಸಿ ಮೀನಿಗೆ ಹೋದನಂತೆ, ಬೆಳಗಿನ ಜಾವ ಎರಡಕ್ಕೆ;
ಹೆಂಡತಿಗೆ ಗಾಢ ನಿದ್ದೆಯಂತೆ.
ಗಾಳಿ ತಿರುಗಿತಂತೆ. ಬಲೆ ಭಾರವಿತ್ತಂತೆ.
ದೋಣಿ ಮಗುಚಿದ್ದನ್ನು ರಿಝೆ ಕಡೆಯವರು ಕಂಡರಂತೆ
(ಕಂಡವರಿಗೂ ಆ ಮನೆಯಲ್ಲಿ ಅಂತೆಯೇ ಗತಿ).
ಒಂದು ಬೂಟು ಸಿಕ್ಕಿತಂತೆ. ಅವನದಲ್ಲವಂತೆ.
ನೆರೆಯ ಹೆಂಗಸರು ಸಕ್ಕರೆ ತುಂಡು ಕಚ್ಚಿ ಚಹಾ ಹೀರುತ್ತ
ಅಂತೆಕಂತೆಗಳ ಸಂತೆ.
ಕಾಣದ್ದನ್ನು ಕಂಡ ಬಾಲದಲ್ಲಿ ಹೇಳಿದರೆ
ಅದು ನಿಜವಾಗಿಬಿಡುತ್ತದಲ್ಲ,
ಅದಕ್ಕೇ ಸೆವಿಮ್ ಆ ಬಾಲವನ್ನೇ ನುಂಗಿಕೊಂಡಳು.
ಒಲೆಯ ಮುಂದೆ ನಿಂತೇ, ಹಾಲು ಉಕ್ಕಿತಂತೆ.
ಅಜ್ಜಿ ಕತೆ ತೆಗೆದರೆ ಅಲ್ಲೂ:
ಒಬ್ಬ ಇದ್ದನಂತೆ, ಇರಲಿಲ್ಲವಂತೆ.
ಕತೆಗೂ ಮನೆಗೂ ನಡುವಿನ ಹೊಸಿಲನ್ನು
ಮಗು ತಡವಿ ತಡವಿ ನೋಡಿರಬೇಕು.

ಹಾಕಿದ ಗೀಟುಗಳನ್ನೆಲ್ಲ ರಬ್ಬರಿನಿಂದ ಉಜ್ಜಿದೆ.
ಕಾಗದ ತೆಳುವಾಯ್ತು.

ಟೇಪು ಮೂವತ್ತೊಂದು. ಯಂತ್ರ ಆರಿಸಲು ಮರೆತಿದ್ದಾರೆ.
ಮಗು ಮಲಗಿದೆ, ಕಟ್ಟಿದ ಮೂಗಿನ ಉಸಿರು.
ಹನ್ನೆರಡು ನಿಮಿಷ ಬರೀ ಅಲೆ.
ಆಮೇಲೆ ಕಂಬಳಿ ಎಳೆದು ಹೊದಿಸುವ ಸದ್ದು,
ಆ ಸದ್ದಿನೊಳಗೆ ಸೆವಿಮ್, ಯಾರಿಗೂ ಅಲ್ಲದ ಹಾಗೆ:
"ನಿನ್ನಪ್ಪ ಹೋದ."
ಅಂತೆ ಇಲ್ಲ.
ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ.

ಮುಂದಿನ ಟೇಪುಗಳಲ್ಲಿ, ಒಂದೊಂದಾಗಿ,
ಕರೆಂಟು ಹೋಯ್ತು. ಜೋಳದ ರೊಟ್ಟಿ ಸೀದಿತು.
ಸಮುದ್ರ ಇವತ್ತು ಕೂಗಿತು.

ಮೂವತ್ತಾರರಲ್ಲಿ ನೆರ್ಗಿಸ್, ಬಾಯಿ ತುಂಬ ಏನೋ ಇಟ್ಟುಕೊಂಡು:
"ಲೋಟ ಬಿತ್ತು. ಅಪ್ಪ ಹೋದ. ನಾನು ಹುಟ್ಟಿದೆನಂತೆ."

ಕೊನೆಯದು ಸರಿ; ತನ್ನ ಹುಟ್ಟಿಗೆ ತಾನೇ ಸಾಕ್ಷಿಯಾದವರಿಲ್ಲ.
ಮೊದಲನೆಯದೂ ಸರಿ, ಚೂರು ಗುಡಿಸುವ ಸದ್ದು ನನಗೇ ಕೇಳಿಸಿತು.
ನಡುವಿನದಕ್ಕೆ ಪೆನ್ನು ಕೆಂಪು ಗೆರೆಯ ತನಕ ಹೋಗಿ ನಿಂತಿತು.
ಆ ಮನೆಯಲ್ಲಿ ಕಂಡವರಿಲ್ಲ. ನಿಯಮದ ಪ್ರಕಾರ ತಪ್ಪು.

ಟಕ್. ಅಜ್ಜಿ ಇನ್ನೊಂದು ಕಾಯಿ ಒಡೆದರು.
"ತಗೋ" ಅಂದರು.
ಅದನ್ನು ಬರೆದುಕೊಂಡೆ.